ಒಂಟಿ ಶಾಸಕ ಏನು ಮಾಡಿದ ಎಂದು ಕೇಳುವವರಿಗೆ

ಶಾಸಕನ ಬಗ್ಗೆ ನಮ್ಮ ಸೀಮೆ ಕೇಳುವ ಪ್ರಶ್ನೆ ಒಂದೇ: ಏನು ತಂದ? ದಬ್ಬೇಘಟ್ಟ ಹೋಬಳಿಯಲ್ಲಿ ಕೇಳಿ, ತುರುವೇಕೆರೆಯಲ್ಲಿ ಕೇಳಿ, ತಿಪಟೂರು, ಚಿಕ್ಕನಾಯಕನಹಳ್ಳಿಯಲ್ಲಿ ಕೇಳಿ, ಮಾತು ಹೇಮಾವತಿ ನಾಲೆ, ರಸ್ತೆ, ಕೊಳವೆಬಾವಿ, ಟ್ರಾನ್ಸ್‌ಫಾರ್ಮರ್, ಸಮುದಾಯ ಭವನ ಇಷ್ಟರಲ್ಲೇ ಸುತ್ತುತ್ತದೆ. ತಂದವನು ದೊಡ್ಡವನು, ತರದವನು ದಂಡ. ಈ ಅಳತೆ ಹಿಡಿದು ಹೊರಟರೆ ಮೈಸೂರು ವಿಧಾನಸಭೆಯ ಮೊದಲ ದಶಕಗಳಲ್ಲಿ ದುಡಿಯುವವರ ಪರವಾಗಿ ಎದ್ದು ನಿಂತವರೆಲ್ಲ ಸೊನ್ನೆ. ಅವರು ಮಂತ್ರಿಯಾಗಲಿಲ್ಲ, ಅನುದಾನ ಹಂಚಲಿಲ್ಲ, ಆಳುವ ಪಕ್ಷದ ಸಾಲಿನಲ್ಲಿ ಕೂರಲಿಲ್ಲ. ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರ ಹೆಸರೆತ್ತಿದರೆ ಓದಿಕೊಂಡವರೂ ಹೇಳುವುದು ಹೀಗೆ: 'ಬಹಳ ಪ್ರಾಮಾಣಿಕ ಮನುಷ್ಯ, ಒಪ್ಪೋಣ. ಆದರೆ ಆಗಿದ್ದೇನು? ಭೂಮಿ ಕೊಟ್ಟವರು ದೇವರಾಜ ಅರಸು.' ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಆರಿಸಿ ಕಳಿಸಿದ ಕೆ.ಎಸ್. ವಾಸನ್ ಅವರ ಹೆಸರಂತೂ ನಮ್ಮ ಕಡೆ ಕೇಳಿದವರೇ ಇಲ್ಲ.

ಈ ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದನ್ನು ಯಾರೂ ಅಭಿಪ್ರಾಯವೆಂದೇ ಭಾವಿಸುವುದಿಲ್ಲ, ಇತಿಹಾಸ ಎಂದುಕೊಂಡಿದ್ದಾರೆ. ಇದು ಸುಳ್ಳು ಎಂದು ಹೇಳುವುದಕ್ಕೆ ಈ ಬರಹ. ಸುಳ್ಳು ಮಾತ್ರವಲ್ಲ, ಇದರಿಂದ ಪೆಟ್ಟು ತಿಂದವರು ತೆಂಗಿನ ಸೀಮೆಯಾದ ಇದೇ ಕಲ್ಪತರು ನಾಡಿನಲ್ಲಿದ್ದಾರೆ. ಮರ ಹತ್ತುವವರು, ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವವರು, ತಿಪಟೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು.

1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಶುರು ಮಾಡೋಣ. ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ. ಕಾಂಗ್ರೆಸ್ಸಿಗೆ 74. ಸಮಾಜವಾದಿಗಳಿಗೆ 3, ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟಕ್ಕೆ 2, ಕಮ್ಯುನಿಸ್ಟರಿಗೆ 1. ಆ ಒಂದು ಸ್ಥಾನ ಕೆ.ಜಿ.ಎಫ್‌ನದು, ಗೆದ್ದವರು ವಾಸನ್. 1957ರಲ್ಲಿ, ರಾಜ್ಯ ಒಂದುಗೂಡಿ ಸದನದ ಬಲ 208ಕ್ಕೆ ಏರಿದ ಮೇಲೂ ಕಮ್ಯುನಿಸ್ಟರ ಪಾಲಿಗೆ ಬಂದದ್ದು ಒಂದೇ, ಅದೂ ಕೆ.ಜಿ.ಎಫ್‌ನಿಂದಲೇ. ಆ ಸಲ ಗೆದ್ದವರು ವಕೀಲ ಎಂ.ಸಿ. ನರಸಿಂಹನ್. ಅಷ್ಟು ಜನರ ನಡುವೆ ಒಬ್ಬನೇ ನಿಂತರೆ ಮತಕ್ಕೆ ಹಾಕಿದ ಯಾವ ಪ್ರಸ್ತಾಪವೂ ಗೆಲ್ಲುವುದಿಲ್ಲ. ಇದು ಅವರಿಗೆ ಗೊತ್ತಿತ್ತು, ಆರಿಸಿದವರಿಗೂ ಗೊತ್ತಿತ್ತು. ಹಾಗಿದ್ದರೂ ಆ ಕಾರ್ಮಿಕರು ಎರಡು ಸಲ ಅಂಥವರನ್ನೇ ಯಾಕೆ ಕಳಿಸಿದರು? ಅವರಿಗೇನು ಬುದ್ಧಿ ಇರಲಿಲ್ಲವೇ?

ಅವರಿಗೆ ನೆನಪಿತ್ತು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷರ ಸಂಸ್ಥೆ ಆ ಗಣಿಗಳನ್ನು ನಡೆಸುತ್ತಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಮಾದರಿ ಸಂಸ್ಥಾನದ ಹೆಮ್ಮೆಯ ಕಥೆಯಾಗಿ ಇದನ್ನು ಶಾಲೆಯಲ್ಲಿ ಓದಿಸುತ್ತಾರೆ, ಓದಿಸಲಿ. ಆದರೆ ಆ ತಂತಿಯ ತುದಿಯಲ್ಲಿ, ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಸುರಂಗದಲ್ಲಿ, ಕಲ್ಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡವರು ಯಾರೆಂದು ಅದೇ ಪಾಠದಲ್ಲಿ ಬರುವುದಿಲ್ಲ. ಅವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ದಲಿತರು. 1930ರ ಏಪ್ರಿಲ್‌ನಲ್ಲಿ ಕಂಪನಿ ಪ್ರತಿಯೊಬ್ಬರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಸಂಘವಿರಲಿಲ್ಲ, ಕಣ್ಣಿಗೆ ಕಾಣುವ ನಾಯಕನೂ ಇರಲಿಲ್ಲ. ಕಳ್ಳರನ್ನು ಗುರುತು ಹಿಡಿಯುವ ಹಾಗೆ ನಮ್ಮನ್ನು ಹಿಡಿಯುವುದು ಬೇಡ ಎಂಬುದೇ ಅವರ ಮಾತು. 1946ರ ನವೆಂಬರ್ 4ರಂದು ಮುಷ್ಕರ ಹೂಡಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಆರು ಜನ ಸತ್ತರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು ವಾಸನ್. ಆರು ವರ್ಷ ಕಳೆದು ಅದೇ ಜನ ಅದೇ ಮನುಷ್ಯನನ್ನು ಶಾಸನ ಮಾಡುವ ಸಭೆಗೆ ಕಳಿಸಿದರು. ಗುಂಡು ಹಾರಿಸಲು ಅಪ್ಪಣೆ ಕೊಡುವ ಆಡಳಿತ ಎಲ್ಲಿ ಉತ್ತರ ಹೇಳಬೇಕೋ ಅಲ್ಲಿಗೆ ತಮ್ಮವನೊಬ್ಬ ಹೋಗಿ ಕೂರಬೇಕು, ಅವರಿಗೆ ಬೇಕಾಗಿದ್ದದ್ದು ಇದು. ಇದನ್ನು ರಸ್ತೆ, ಕೊಳವೆಬಾವಿಯ ಲೆಕ್ಕದಲ್ಲಿ ತೂಗಲು ಬರುವುದಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಿದೇಶಿ ಕಂಪನಿಗಳ ಕೈಯಿಂದ ತೆಗೆದುಕೊಂಡಿತು. ಕಾಯಿದೆ ತಂದವರು ಆಳುವವರು. ಒಂಟಿ ಶಾಸಕನ ಮತದಿಂದ ಅದು ಆಗಲಿಲ್ಲ, ಖಂಡಿತ. ಆದರೆ ಗಣಿಯವರು ಬೀದಿಯಲ್ಲಿ ಕೇಳಿದ್ದನ್ನು ಸದನದ ಒಳಗೆ ನಿಂತು ಕೇಳುವ ಬಾಯಿ ಇಲ್ಲದಿದ್ದರೆ, ಚಿನ್ನದ ಗಣಿಯ ವಿಷಯ ಅಲ್ಲಿ ಷೇರು, ರಾಜಧನ, ಅದಿರಿನ ಇಳುವರಿ ಇಷ್ಟಕ್ಕೇ ನಿಲ್ಲುತ್ತಿತ್ತು. ಧೂಳು ಕುಡಿದವನ ಎದೆ ಕಡತಕ್ಕೆ ಸೇರುತ್ತಿರಲಿಲ್ಲ.

'ಮೇಲಿನವರು ಕೊಟ್ಟರು' ಎಂಬ ನಂಬಿಕೆ ಹಳೆ ಮೈಸೂರಿನವರಾದ ನಮ್ಮಲ್ಲಿ ಬಹಳ ಆಳಕ್ಕೆ ಇಳಿದಿದೆ. ಅಣೆಕಟ್ಟು ಕೊಟ್ಟವರು ವಿಶ್ವೇಶ್ವರಯ್ಯ, ಕಾರ್ಖಾನೆ ಕೊಟ್ಟವರು ಮಿರ್ಜಾ, ಶಾಲೆ ಕೊಟ್ಟವರು ನಾಲ್ವಡಿಯವರು, ಹೊಲ ಕೊಟ್ಟವರು ಅರಸು. ಇವರೆಲ್ಲ ದೊಡ್ಡವರೇ, ಅವರ ಕೆಲಸ ಕಣ್ಣ ಮುಂದಿದೆ. ಆದರೆ ಈ ಪಟ್ಟಿಯಲ್ಲಿ ಕೇಳಿದವರ ಹೆಸರು ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1926ರಲ್ಲಿ. ಅದರ ಹಿಂದೆ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪರವಾಗಿ ಕೂತಿದ್ದ ಎನ್.ಎಂ. ಜೋಶಿಯವರ ವರ್ಷಗಳ ಬೇಡಿಕೆ ಇತ್ತು. ಮಾದರಿ ಸಂಸ್ಥಾನವಾದ ಮೈಸೂರಿನಲ್ಲಿ ಕಾರ್ಮಿಕರ ಸಂಘಗಳಿಗೆ ಒಂದು ಕಾನೂನು ಬಂದದ್ದು 1942ರಲ್ಲಿ, ಬೆಂಗಳೂರಿನ ಗಿರಣಿಗಳಲ್ಲಿ ಮುಷ್ಕರಗಳೆದ್ದ ಮೇಲೆ. ದಯೆ ಅಷ್ಟು ಧಾರಾಳವಾಗಿದ್ದರೆ ಹದಿನಾರು ವರ್ಷ ತಡವೇಕಾಯಿತು? 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣ ಮಾಡಿದಾಗ ಕಾರ್ಮಿಕ ಖಾತೆ ವಹಿಸಿಕೊಂಡವರು ಕೆ.ಟಿ. ಭಾಷ್ಯಂ, ಗಿರಣಿ ಕಾರ್ಮಿಕರನ್ನು ಕಟ್ಟಿದ್ದ ವಕೀಲ, ಅರಮನೆಯ ಸರ್ಕಾರದ ಕೈಯಲ್ಲಿ ಜೈಲು ಕಂಡವರು. ಇಂದು ಬೆಂಗಳೂರಿನಲ್ಲಿ ಭಾಷ್ಯಂ ವೃತ್ತ ಎಂದರೆ ಬಸ್ಸು ನಿಲ್ಲುವ ಜಾಗ ಎಂದಷ್ಟೇ ಜನಕ್ಕೆ ಗೊತ್ತು.

ಈಗ ಗೋಪಾಲಗೌಡರ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅವರನ್ನು ಹೊಗಳಿ ಹೊಗಳಿಯೇ ನಾವು ಮರೆತಿದ್ದೇವೆ.

ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರ 1923ರಲ್ಲಿ ಹುಟ್ಟಿದವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರು ಜಮೀನ್ದಾರರ ಹೊಲಕ್ಕೆ ಇಳಿದು ನೇಗಿಲು ಹೂಡಿದರು. ಅವರಲ್ಲಿ ಹೆಚ್ಚಿನವರು ದೀವರು. ಜಗಳ ಶುರುವಾದದ್ದು ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಿರುತ್ತಿತ್ತು, ಸರ್ಕಾರ ಒಪ್ಪಿದ ಅಳತೆಯಲ್ಲಿ ಅಳೆಯಿರಿ ಎಂದು ಕೇಳಿದ್ದೇ ಅಪರಾಧವಾಯಿತು. ಅದಕ್ಕೂ ಮೊದಲೇ ಎಚ್. ಗಣಪತಿಯಪ್ಪ ರೈತರ ಸಂಘ ಕಟ್ಟಿದ್ದರು. ಸಮಾಜವಾದಿ ಪಕ್ಷ ಆ ಹೋರಾಟವನ್ನು ತನ್ನದಾಗಿಸಿಕೊಂಡಿತು, ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಮಲೆನಾಡಿನ ಒಂದು ಹಳ್ಳಿಯ ಅಳತೆಯ ಜಗಳ ದೇಶದ ಸುದ್ದಿಯಾಯಿತು. ಮುಂದಿನ ವರ್ಷ, ಮೂವತ್ತು ತುಂಬದ ಗೋಪಾಲಗೌಡರು ಸಾಗರ ಸೀಮೆಯಿಂದ ವಿಧಾನಸಭೆಗೆ ಗೆದ್ದರು. ಕೈಯಲ್ಲಿ ದುಡ್ಡಿರಲಿಲ್ಲ. ಜನರೇ ಚಂದಾ ಎತ್ತಿ ಚುನಾವಣೆ ನಡೆಸಿದರು.

1957ರಲ್ಲಿ ಸೋತರು. 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಕಾಯಿಲೆಯಿಂದ ತೀರಿಕೊಂಡರು.

ಇಷ್ಟು ಜೀವನದಿಂದ ನಮ್ಮ ಓದುಗರು ಉಳಿಸಿಕೊಂಡದ್ದು ಏನು? ಹಾಸಿಗೆ ಹಿಡಿದ ದೇಹ, ಬಾಡಿಗೆಯ ಮನೆ, ಹಿಂದುಸ್ತಾನಿ ಸಂಗೀತದ ಹುಚ್ಚು, ಸಾಹಿತಿಗಳ ಸ್ನೇಹ. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಜನ ಗೋಪಾಲಗೌಡರನ್ನೇ ಕಂಡರು. ಕಾದಂಬರಿ ತನ್ನ ಕೆಲಸ ತಾನು ಮಾಡಿದೆ, ಅದರ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಕಾದಂಬರಿ ಓದಿ ಸದನದ ನಡವಳಿಕೆಗಳ ಸಂಪುಟ ಮುಚ್ಚಿಟ್ಟವರ ಮೇಲೆ. ಸಂತನನ್ನು ಪೂಜಿಸುವುದು ಸುಲಭ, ಅವನ ಮಾತಿಗೆ ಉತ್ತರ ಕೊಡಬೇಕಾಗಿಲ್ಲ. ಶಾಸಕನ ಮಾತಿಗಾದರೆ ಉತ್ತರ ಕೊಡಬೇಕು. 'ಪ್ರಾಮಾಣಿಕ, ಆದರೆ ನಿಷ್ಫಲ' ಎನ್ನುವವರು ಅವರನ್ನು ಸದನದಿಂದ ಎತ್ತಿ ದೇವರ ಗೂಡಿನಲ್ಲಿ ಕೂರಿಸಿದ್ದಾರೆ. ಪ್ರಾಮಾಣಿಕತೆ ಅವರ ಉದ್ಯೋಗವಾಗಿರಲಿಲ್ಲ. ಉಳುವವನಿಗೆ ನೆಲ ಎಂಬ ಒಂದು ಮಾತನ್ನು ಕಾನೂನಾಗಿಸುವುದು ಅವರ ಉದ್ಯೋಗ.

ಆ ಉದ್ಯೋಗ ಎಷ್ಟು ದೂರ ಸಾಗಿತು ಎಂದು ವರ್ಷಗಳನ್ನು ಸಾಲಾಗಿಟ್ಟು ನೋಡಿ. 1951ರಲ್ಲಿ ಕಾಗೋಡು. 1952ರಲ್ಲಿ ಮೈಸೂರು ಗೇಣಿ ಕಾಯಿದೆ. 1954ರಲ್ಲಿ ಇನಾಂ ರದ್ದಿಯಾತಿ ಕಾಯಿದೆ. ಇವೆರಡಕ್ಕೂ ಕಾಗೋಡೊಂದೇ ಕಾರಣ ಎನ್ನುವುದು ಅತಿಯಾದೀತು. ದೇಶದಲ್ಲೆಲ್ಲ ಅಂಥ ಗಾಳಿ ಬೀಸುತ್ತಿತ್ತು, ಕಾಂಗ್ರೆಸ್ಸಿನೊಳಗೂ ಕಡಿದಾಳು ಮಂಜಪ್ಪನವರಂಥ ಗೇಣಿದಾರರ ಪರವಾದವರು ಇದ್ದರು. ಆದರೆ ಗೇಣಿಯ ಅನ್ಯಾಯಕ್ಕೆ ಊರು, ಹೆಸರು, ಸೆರೆಮನೆ, ಕೊಳಗದ ಅಳತೆ ಎಲ್ಲವನ್ನೂ ಕೊಟ್ಟು, ಅದನ್ನು ಸದನದಲ್ಲಿ ತಪ್ಪಿಸಿಕೊಳ್ಳಲಾಗದ ವಿಷಯ ಮಾಡಿದ್ದು ಕಾಗೋಡು.

1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ ಗೇಣಿ ಕಾನೂನುಗಳ ಬಗ್ಗೆ ವರದಿ ಕೊಟ್ಟಿತು. ಅದರ ಮೇಲೆ ಮಸೂದೆ ಬಂತು, ಚರ್ಚೆಯಾಯಿತು, 1961ರಲ್ಲಿ ಮೈಸೂರು ಭೂಸುಧಾರಣಾ ಕಾಯಿದೆಯಾಯಿತು. ಈ ಐದು ವರ್ಷವೂ ಗೋಪಾಲಗೌಡರು ಸದನದ ಹೊರಗೆ. ಜನ ಅವರನ್ನು ಸೋಲಿಸಿದ್ದರಲ್ಲ, ಆ ಐದು ವರ್ಷ! ಹೊರಬಂದ ಕಾಯಿದೆ ಹೇಗಿತ್ತು? 'ಸ್ವಂತ ಸಾಗುವಳಿಗೆ ಬೇಕು' ಎಂದು ಒಡೆಯ ಗೇಣಿದಾರನನ್ನು ಬಿಡಿಸಲು ಅದರಲ್ಲಿ ದಾರಿ ಇತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅಂಗೀಕಾರಕ್ಕೂ ಜಾರಿಗೂ ನಡುವೆ ಸಿಕ್ಕ ವರ್ಷಗಳಲ್ಲಿ ಬಾಯಿಮಾತಿನ ಗೇಣಿದಾರನನ್ನು ಎಬ್ಬಿಸಲು ಒಡೆಯರಿಗೆ ಬೇಕಾದಷ್ಟು ಪುರುಸೊತ್ತು. ಒಬ್ಬ ಶಾಸಕ ಇದ್ದರೆ ಏನಾಗುತ್ತದೆ ಎಂದು ಕೇಳುವವರು, ಅವನು ಇಲ್ಲದಿದ್ದಾಗ ಏನಾಯಿತು ಎಂದೂ ಒಮ್ಮೆ ನೋಡಲಿ. ಅವರೊಬ್ಬರಿದ್ದರೆ ಆ ಕಾಯಿದೆ ಪೂರ್ತಿ ಬೇರೆಯಾಗುತ್ತಿತ್ತು ಎಂದು ಆಣೆ ಮಾಡಲಾರೆ. ಹೋರಾಟದ ನೆನಪನ್ನು ಮೈಮೇಲೆ ಹೊತ್ತವನು ಆ ಬಾಗಿಲಲ್ಲಿ ನಿಂತಿರಲಿಲ್ಲ ಎಂಬುದಷ್ಟೇ ನನ್ನ ಮಾತು.

1962ರಿಂದ ಮುಂದೆ ಸದನದಲ್ಲಿದ್ದ ವರ್ಷಗಳಲ್ಲಿ ಅವರು ಹೇಳಿದ್ದು ಅದೇ: ಗೇಣಿಯನ್ನು ಸುಧಾರಿಸುವುದಲ್ಲ, ತೆಗೆದುಹಾಕುವುದು. ಜೊತೆಗೆ ಆಡಳಿತ ಕನ್ನಡದಲ್ಲಿ ನಡೆಯಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲಿ ಎಂದರು. ರೈತ ತನ್ನ ಹೊಲದ ಕಾಗದವನ್ನು ತಾನೇ ಓದಲಾರದಿದ್ದರೆ ಹಕ್ಕು ಯಾರ ಕೈಗೆ ಹೋಗುತ್ತದೆ ಎಂಬುದು ಕಂದಾಯ ಕಚೇರಿಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು, ಇದನ್ನು ಬರೀ ಭಾಷಾಭಿಮಾನ ಎನ್ನಲಾಗದು. ಅವರು ಸತ್ತು ಒಂದೂವರೆ ವರ್ಷ ಕಳೆಯುವ ಮೊದಲೇ, 1973ರ ನವೆಂಬರ್ 1ರಂದು, ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿಯನ್ನೇ ರದ್ದು ಮಾಡಿ, ಭೂನ್ಯಾಯ ಮಂಡಳಿಗಳನ್ನು ಕೂರಿಸಿತು. ವಕೀಲರಿಗೆ ಪ್ರವೇಶವಿಲ್ಲದ ಆ ಮಂಡಳಿಯ ಮುಂದೆ ಗೇಣಿದಾರ ತಾನೇ ನಿಂತು ತನ್ನ ಕಥೆ ಹೇಳಿದ.

ದೇವರಾಜ ಅರಸರಿಂದ ನಾನು ಏನನ್ನೂ ಕಸಿಯುತ್ತಿಲ್ಲ. ಅಧಿಕಾರ ಕೈಗೆ ಸಿಕ್ಕಾಗ ಅದನ್ನು ಆ ಕಡೆಗೆ ತಿರುಗಿಸಿದವರು ಅವರು. ಬೇರೆ ಮುಖ್ಯಮಂತ್ರಿಗಳಿಗೂ ಅಧಿಕಾರವಿತ್ತು, ತಿರುಗಿಸಲಿಲ್ಲ. ಆದರೆ 1972ರ ಮಾರ್ಚ್‌ನಲ್ಲಿ ಅವರು ಮುಖ್ಯಮಂತ್ರಿಯಾದಾಗ ಬಿಳಿ ಹಾಳೆಯ ಮೇಲೆ ಬರೆಯಲು ಕೂರಲಿಲ್ಲ. ಇಪ್ಪತ್ತು ವರ್ಷ ಬೇರೆಯವರು ಬರೆದು, ತಿದ್ದಿ, ಸೋತು, ಮತ್ತೆ ಬರೆದಿದ್ದ ಹಾಳೆ ಮೇಜಿನ ಮೇಲಿತ್ತು. ಹೊಲ ಉತ್ತು ಬಿತ್ತಿದವರನ್ನು ಮರೆತು, ಸುಗ್ಗಿಯ ದಿನ ಕಣದಲ್ಲಿ ನಿಂತವನಿಗೆ ಮಾತ್ರ ರಾಶಿ ಬರೆದುಕೊಡುವ ಲೆಕ್ಕ ಯಾವ ರೈತನ ಮನೆಯಲ್ಲೂ ನಡೆಯುವುದಿಲ್ಲ. ಇತಿಹಾಸ ಬರೆಯುವಾಗ ಮಾತ್ರ ಯಾಕೆ ನಡೆಯಬೇಕು?

ಇದಕ್ಕೊಂದು ಎದುರು ಮಾತಿದೆ, ಗಟ್ಟಿಯಾದದ್ದೇ. 'ಸರಿ, ಗುರು ದೊಡ್ಡವರು. ಶಿಷ್ಯರು? ಬಂಗಾರಪ್ಪ, ಜೆ.ಎಚ್. ಪಟೇಲ್, ಕಾಗೋಡು ತಿಮ್ಮಪ್ಪ ಎಲ್ಲ ಅದೇ ಗರಡಿಯವರಲ್ಲವೇ? ಎಲ್ಲರೂ ಅಧಿಕಾರದ ಪಕ್ಷ ಸೇರಿ ಕುರ್ಚಿ ಹಿಡಿದರಲ್ಲ?' ಹಿಡಿದರು, ಮತ್ತು ಅವರು ಬಿಟ್ಟುಕೊಟ್ಟದ್ದೂ ಬಹಳ. ಆದರೆ ಕಾಗೋಡಿನವರಾದ ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿಯನ್ನು ನಮ್ಮ ಜಿಲ್ಲೆಯವರು ನೋಡಬೇಕು. ದಾಖಲೆಯಲ್ಲಿ ಇಲ್ಲದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸವಾಗಿರುವವರಿಗೆ ಅವರು ಕೂತ ಮನೆಯ ಜಾಗದ ಒಡೆತನ ಕೊಡುವ ತಿದ್ದುಪಡಿ ಅದು. ತುಮಕೂರು ಜಿಲ್ಲೆಯ ತುಂಬ ಗೊಲ್ಲರಹಟ್ಟಿಗಳಿವೆ, ನಮ್ಮ ತಾಲ್ಲೂಕಿನಲ್ಲೂ ಇವೆ. ತಲೆಮಾರುಗಳಿಂದ ಕೂತ ಗುಡಿಸಲಿನ ಕೆಳಗಿನ ನೆಲ ಬೇರೆಯವರ ಹೆಸರಿನಲ್ಲಿರುವುದು ಎಂದರೇನು ಎಂದು ಹಟ್ಟಿಯವರನ್ನು ಕೇಳಿ. 1951ರಲ್ಲಿ ಉಳುವವನೇ ಹೊಲದೊಡೆಯ ಎಂದು ಕಾಗೋಡಿನಲ್ಲಿ ಎದ್ದ ಕೂಗು ವಾಸಿಸುವವನೇ ಮನೆಯೊಡೆಯ ಎಂದಾಗಿ ನಮ್ಮ ಹಟ್ಟಿಯ ಬಾಗಿಲಿಗೆ ಬರಲು ಅರುವತ್ತೈದು ವರ್ಷ ಹಿಡಿಯಿತು.

ಒಂದು ಸದನದಲ್ಲಿ ಬಿದ್ದ ಮಸೂದೆ ಸತ್ತುಹೋಗುವುದಿಲ್ಲ. ಅಂಬೇಡ್ಕರರು 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿ 1937ರಲ್ಲಿ ಮುಂಬಯಿ ಶಾಸನಸಭೆಗೆ ಹೋದರು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಆ ಸಭೆಯ ಆಳ್ವಿಕೆಗೇ ಸೇರಿದ್ದವು. ಕೊಂಕಣದ ಖೋತಿ ಎಂಬ ಜಮೀನ್ದಾರಿ ಪದ್ಧತಿ ರದ್ದಾಗಲಿ ಎಂದು ಆ ವರ್ಷವೇ ಅವರು ಮಸೂದೆ ತಂದರು, ಅದು ಕಾನೂನಾಗಲಿಲ್ಲ. 1938ರಲ್ಲಿ ಮುಷ್ಕರದ ಹಕ್ಕು ಮೊಟಕು ಮಾಡುವ ಕೈಗಾರಿಕಾ ವಿವಾದ ಮಸೂದೆಯನ್ನು ಸದನದಲ್ಲಿ ವಿರೋಧಿಸಿದರು, ನವೆಂಬರ್ 7ರಂದು ಮುಂಬಯಿಯ ಕಾರ್ಮಿಕರನ್ನು ಬೀದಿಗೆ ಕರೆದರು, ಆದರೂ ಮಸೂದೆ ಪಾಸಾಯಿತು. ಎರಡಕ್ಕೆ ಎರಡೂ ಸೋಲು. ಖೋತಿ ರದ್ದಾದದ್ದು 1949ರಲ್ಲಿ. 'ಏನು ತಂದ' ಎಂಬ ಅಳತೆಯಲ್ಲಿ 1937ರ ಅಂಬೇಡ್ಕರ್ ಕೂಡ ನಿಷ್ಫಲ ಶಾಸಕ. ಹಾಗೆ ಹೇಳುವ ಧೈರ್ಯ ಇಂದು ಯಾರಿಗೂ ಇಲ್ಲ. ಹಾಗಿದ್ದ ಮೇಲೆ ಅದೇ ಅಳತೆ ವಾಸನ್‌ಗೆ, ಗೋಪಾಲಗೌಡರಿಗೆ ಹೇಗೆ ಸರಿಯಾಗುತ್ತದೆ?

ನಮ್ಮಂತೆಯೇ ತೆಂಗಿನ ನೆರಳಿನಲ್ಲಿ ಬದುಕುವ ಇನ್ನೊಂದು ಸೀಮೆಯಿದೆ, ಆಲಪ್ಪುಳ. ಅಲ್ಲಿ ತೆಂಗಿನ ನಾರು ನೇಯುವ ಕಾರ್ಖಾನೆಯವರು 1922ರಲ್ಲೇ ಸಂಘ ಕಟ್ಟಿದರು. ಆ ನಾರಿನ ಕೆಲಸಗಾರರ ನಾಯಕ ಟಿ.ವಿ. ಥಾಮಸ್ 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾರ್ಮಿಕ ಮಂತ್ರಿಯಾದರು. ಮುಂದೆ ಅದೇ ರಾಜ್ಯ 1974ರಲ್ಲಿ ಕೃಷಿ ಕೂಲಿಗಳಿಗೆಂದೇ ಕಾಯಿದೆ ಮಾಡಿತು, 1978ರಲ್ಲಿ ತಲೆಹೊರೆಯವರಿಗೆ ಇನ್ನೊಂದು. ಮರ ಅದೇ, ಕಾಯಿ ಅದೇ, ನಾರೂ ಅದೇ. ಅಲ್ಲಿ ನಾರಿನ ಹುರಿ ಹೊಸೆದವರ ನಾಯಕರು ಶಾಸನಸಭೆಗೆ ಹೋದರು. ನಮ್ಮಲ್ಲಿ ಹೋದವರು ತೋಟದವರು, ವರ್ತಕರು, ವಕೀಲರು.

ನಮ್ಮ ಬಯಲುಸೀಮೆಯಲ್ಲಿ ಗೇಣಿ ಕಡಿಮೆ, ಸ್ವಂತ ಹಿಡುವಳಿಯೇ ಹೆಚ್ಚು. ಹಾಗಾಗಿ 1974ರ ಕಾಯಿದೆ ಮಲೆನಾಡು, ಕರಾವಳಿಗಳನ್ನು ತಿರುವಿ ಹಾಕಿದಷ್ಟು ನಮ್ಮನ್ನು ಅಲುಗಿಸಲಿಲ್ಲ. ಇಲ್ಲಿ ದುಡಿಮೆಯ ಪ್ರಶ್ನೆ ಗೇಣಿದಾರನದಲ್ಲ, ಕೂಲಿಯವರದು. ನಮ್ಮ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಬೇರೆ ಸೀಮೆಯವರಿಗೆ ಗೊತ್ತಿರಲಾರದು. ಬಲಿತ ಕಾಯಿ ಇಳಿಸಿ, ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೆಡದಂತೆ ತೆಗೆಯಬೇಕು. ಇಡೀ ವರ್ಷ ಕಾದ ಮಾಲು ಒಂದು ತಪ್ಪು ಏಟಿಗೆ ಹೋಳಾಗಿ ಬೆಲೆ ಕಳೆದುಕೊಳ್ಳುತ್ತದೆ. ಹತ್ತುವವನು, ಸುಲಿಯುವವನು, ಒಡೆಯುವವಳು ಎಲ್ಲರ ಕೈಯಲ್ಲೂ ವರ್ಷಗಳ ಕಸುಬಿದೆ. ಮರಕ್ಕೆ ಇಷ್ಟು, ಸಾವಿರ ಕಾಯಿಗೆ ಇಷ್ಟು ಎಂಬ ಲೆಕ್ಕದ ಮೇಲೆ ಅವರ ಬದುಕು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ಯಾವ ಊರಿನಲ್ಲಿಲ್ಲ?

ತುರುವೇಕೆರೆ ತಾಲ್ಲೂಕಿನದೇ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂದಾಗ ಅದರ ಗೇಟಿನೊಳಗೆ ಕೆಲಸ ಮಾಡಿದವನಿಗೆ ಕಾರ್ಖಾನೆ ಕಾಯಿದೆ ಇತ್ತು, ಭವಿಷ್ಯನಿಧಿ ಇತ್ತು, ಸಂಘ ಕಟ್ಟುವ ದಾರಿ ಇತ್ತು. ಗೇಟಿನಿಂದ ಆಚೆ, ಕಣ್ಣಳತೆಯ ದೂರದ ತೋಟದಲ್ಲಿ ಮರ ಹತ್ತಿದವನಿಗೆ ಇದಾವುದೂ ಇಲ್ಲ. ತೋಟ ಕಾರ್ಮಿಕರಿಗೆಂದೇ ದೇಶ 1951ರಲ್ಲಿ ಒಂದು ಕಾಯಿದೆ ಮಾಡಿತು. ಮನೆ, ಆಸ್ಪತ್ರೆ, ಕೂಸಿನ ಮನೆ, ರಜೆ ಎಲ್ಲ ಅದರಲ್ಲಿದ್ದವು. ಅದು ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಆಮೇಲೆ ಏಲಕ್ಕಿ. ತೆಂಗು ಅದರಲ್ಲಿರಲಿಲ್ಲ. ನಮ್ಮ ತೋಟಗಳು ಚಿಕ್ಕವು, ಕಾಫಿ ಎಸ್ಟೇಟಿನ ಹಾಗಲ್ಲ ಎಂಬ ಸಮಾಧಾನ ಹೇಳುತ್ತಾರೆ. ನಿಜ, ಎರಡೆಕರೆ ತೋಟದ ರೈತ ಆಸ್ಪತ್ರೆ ಕಟ್ಟಲಾರ. ಆದರೆ ಚಿಕ್ಕ ತೋಟದ ಮರವೂ ಅಷ್ಟೇ ಎತ್ತರ, ಬಿದ್ದವನ ಬೆನ್ನುಮೂಳೆಯೂ ಅಷ್ಟೇ. ಅವನ ಹೊಣೆಯನ್ನು ಬಡ ರೈತನ ಮೇಲೆ ಹೊರಿಸದೆ, ಮಾರುಕಟ್ಟೆಗೆ ಬರುವ ಪ್ರತಿ ಕ್ವಿಂಟಲ್ ಕೊಬ್ಬರಿಯ ಮೇಲೆ ಒಂದಿಷ್ಟು ಕರ ಹಾಕಿ ನಿಧಿ ಕಟ್ಟಬಹುದಿತ್ತು. ಬೀಡಿಗೆ ಸೆಸ್ ಹಾಕಿ ಬೀಡಿ ಕಟ್ಟುವವರಿಗೆ ಕಲ್ಯಾಣ ನಿಧಿ ಮಾಡಿದ ದೇಶಕ್ಕೆ ಇದು ತಿಳಿಯದ ವಿದ್ಯೆಯಲ್ಲ. ಕೇಳುವವನು ಬೇಕಿತ್ತು.

2024ರ ಹಂಗಾಮಿಗೆ ಕೇಂದ್ರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು, ರಾಜ್ಯ ಅದರ ಮೇಲೆ 1,500 ಸೇರಿಸಿತು. ಅದಕ್ಕಾಗಿ ರೈತರು ತಿಪಟೂರಿನಲ್ಲಿ ಧರಣಿ ಕೂತರು. ಅವರ ಬೇಡಿಕೆ ನ್ಯಾಯವಾದದ್ದು, ಎಲ್ಲ ಪಕ್ಷಗಳ ಶಾಸಕರೂ ಅದರ ಬಗ್ಗೆ ದನಿ ಎತ್ತಿದರು. ಆ ಬೆಲೆಯ ಲೆಕ್ಕದಲ್ಲಿ ಮರ ಹತ್ತುವವನು ಇದ್ದಾನೆ, ಖರ್ಚಿನ ಒಂದು ಬಾಬ್ತಾಗಿ. ಅವನ ಕೂಲಿ ಏರಿದರೆ ರೈತನ ಕಷ್ಟ ಏರಿತು ಎಂದು ಬರೆಯುತ್ತಾರೆ. ಕೊಬ್ಬರಿಯ ಬೆಲೆ ಏರಿದರೆ ಅವನ ಕೂಲಿ ಏರಬೇಕು ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ರೈತನಿಗೆ ಸದನದಲ್ಲಿ ಹತ್ತು ಬಾಯಿ ಇದ್ದರೆ ಕೂಲಿಯವನಿಗೆ ಒಂದಾದರೂ ಬೇಕಲ್ಲವೇ? ಗೋಪಾಲಗೌಡರು ಇದ್ದಿದ್ದರೆ ಇಬ್ಬರ ಪರವಾಗಿಯೂ ಮಾತಾಡುತ್ತಿದ್ದರು, ಅದರಲ್ಲಿ ವಿರೋಧವೇನೂ ಇಲ್ಲ.

ಒಂಟಿ ಶಾಸಕ ಏನು ಮಾಡಿಯಾನು ಎನ್ನುವವರು 2020ನ್ನೂ ನೆನಪಿಸಿಕೊಳ್ಳಲಿ. ಕೃಷಿಕರಲ್ಲದವರು ಹೊಲ ಕೊಳ್ಳಬಾರದು ಎಂದು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಆ ವರ್ಷ ಕಿತ್ತುಹಾಕಿದರು. ಗೋಪಾಲಗೌಡರ ಪೀಳಿಗೆ ಒಂದೊಂದು ಕಲ್ಲಾಗಿ ಕಟ್ಟಿದ ಗೋಡೆ ಒಂದು ಸುಗ್ರೀವಾಜ್ಞೆಯಿಂದ ಉರುಳತೊಡಗಿತು. ಬೆಂಗಳೂರಿನ ದುಡ್ಡು ನೂರು ಕಿಲೋಮೀಟರ್ ದಾಟಿ ತೋಟ ಹುಡುಕಲು ಈಗ ಕಾನೂನಿನ ಅಡ್ಡಿಯಿಲ್ಲ. ನಮ್ಮ ಸೀಮೆಯ ಹಟ್ಟಿ, ಕೇರಿಗಳಲ್ಲಿ ಇದು ಚುನಾವಣೆಯ ಮಾತೂ ಆಗಲಿಲ್ಲ, ಏಕೆಂದರೆ ಶಾಸಕ ಎಂದರೆ ಕಾಯಿದೆ ಕಾಯುವವನು ಎಂಬುದನ್ನೇ ನಾವು ಮರೆತೆವು. ರಸ್ತೆ ಹಾಕಿಸಲು ಇಂಜಿನಿಯರ್ ಇದ್ದಾರೆ, ಜಿಲ್ಲಾ ಪಂಚಾಯಿತಿ ಇದೆ. 79ಎ ಕಲಮು ಕೀಳುವಾಗ ಎದ್ದು ನಿಲ್ಲಲು ಶಾಸಕನ ಹೊರತು ಇನ್ನಾರಿಗೂ ಅಧಿಕಾರವಿಲ್ಲ.

ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯಿದೆ ಮಾಡಿ, ಹಮಾಲರ ಕೂಲಿ ಮಂಡಳಿಯ ಮೂಲಕವೇ ಬರಬೇಕು, ಅದರಲ್ಲಿ ಭವಿಷ್ಯನಿಧಿ, ರಜೆ, ಬೋನಸ್ಸಿನ ಪಾಲು ಸೇರಬೇಕು ಎಂದು ವಿಧಿಸಿತು. ನಮ್ಮಲ್ಲಿ ಹಮಾಲರಿಗೆ ಗುರುತಿನ ಚೀಟಿ ಕೊಡುವ, ಅಪಘಾತಕ್ಕೆ ಪರಿಹಾರ ಕೊಡುವ ಯೋಜನೆಗಳು ಬಂದಿವೆ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಯೋಜನೆಯನ್ನು ಬಜೆಟ್ ಕೊಡುತ್ತದೆ, ಇನ್ನೊಂದು ಬಜೆಟ್ ಕಸಿಯುತ್ತದೆ. ಕಾಯಿದೆಯನ್ನು ಕಸಿಯಬೇಕಾದರೆ ಸದನದಲ್ಲಿ ಎದ್ದು ನಿಂತು, ಹೆಸರು ಹೇಳಿಸಿಕೊಂಡು ಕಸಿಯಬೇಕು. ತಿಪಟೂರಿನ ಮಾರುಕಟ್ಟೆಗೆ ಬರುವ ಕೊಬ್ಬರಿ ಮೂಟೆಯನ್ನು ಹೊರುವವನಿಗೆ, ಆ ಮೂಟೆಯೊಳಗಿನ ಉಂಡೆಯ ಚಿಪ್ಪು ಒಡೆದವಳಿಗೆ, ಅದರ ಕಾಯಿಯನ್ನು ಇಳಿಸಿದವನಿಗೆ ಒಂದು ಕರ್ನಾಟಕ ಕಾಯಿದೆ ಬೇಕು, ಮೂಟೆಯ ಮೇಲೆ ಸೆಸ್ಸು, ಮಂಡಳಿಯ ಮೂಲಕ ಕೂಲಿ, ಬಿದ್ದವನಿಗೆ ಹಕ್ಕಿನ ಪರಿಹಾರ. ಮುಂದಿನ ಸಲ ಮತ ಕೇಳಲು ದಬ್ಬೇಘಟ್ಟಕ್ಕೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಕೇಳೋಣ: ಈ ಮಸೂದೆಯನ್ನು, ಬಿದ್ದುಹೋಗುತ್ತದೆ ಎಂದು ಗೊತ್ತಿದ್ದರೂ, ನೀವೊಬ್ಬರೇ ನಿಂತು ಸದನದಲ್ಲಿ ಮಂಡಿಸುತ್ತೀರೋ ಇಲ್ಲವೋ?